ಒಂದು ಲಕ್ಷ ತೊಂಬತ್ತಾರು ಸಾವಿರ ಸೌತೆಬೀಜ

ಸೌತೆಬೀಜ ಎಂದರೆ ನಮ್ಮ ಭಾಗದಲ್ಲಿ ಸೌತೆಕಾಯಿಯೊಳಗಿನ ಬೀಜವಲ್ಲ. ಗೋಧಿಯ ಸಣ್ಣ ರವೆಯನ್ನು ಗಟ್ಟಿಯಾಗಿ ನಾದಿ, ಬೆರಳಿಗೆ ಒಂದಿಷ್ಟು ಎಣ್ಣೆ ಸವರಿಕೊಂಡು, ಚಿವುಟಿ ಚಿವುಟಿ ಹೊಸೆದು ಬಿಡುವ ಕಾಳು ಅದು. ನಡುವೆ ದಪ್ಪ, ಎರಡೂ ತುದಿ ಚೂಪು. ನೆರಳಲ್ಲಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಲ್ಲ ಹಾಕಿ ಕುದಿಸಿದರೆ ಹುಗ್ಗಿ. ಮದುವೆ ಗೊತ್ತಾದ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತು ಸೇರುಗಟ್ಟಲೆ ಹೊಸೆಯುತ್ತಾರೆ. ಯಾರೂ ಎಣಿಸುವುದಿಲ್ಲ. ನಾವು ಎಣಿಸಿದೆವು.

ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಬರೀ ಕಲ್ಯಾಣ ಎಂದು ಹೆಸರು. ನಿಜಾಮರ ರಾಜ್ಯ, ಸಾಲೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿಯೂ ಸೇರಿ ಮೂರೂ ಭಾಷೆ, ಅಡುಗೆಮನೆಯಲ್ಲಿ ಕನ್ನಡ. ನಾನು ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ನನ್ನ ನಾದಿನಿಯನ್ನು, ಎಂದರೆ ಅತ್ತೆಗಿದ್ದ ಒಬ್ಬಳೇ ಮಗಳನ್ನು, ಹುಮನಾಬಾದಕ್ಕೆ ಕೊಟ್ಟಿತ್ತು. ಒಂದು ಮಳೆಗಾಲದಲ್ಲಿ ಅವಳಿಗೆ ಮುದ್ದತಿನ ಜ್ವರ ಬಂದು ಇಪ್ಪತ್ತೊಂದು ದಿನ ಇಳಿಯಲಿಲ್ಲ. ಇಪ್ಪತ್ತೆರಡನೆಯ ದಿನ ಹುಡುಗಿ ಕಣ್ಣು ತೆರೆದು ಗಂಜಿ ಕೇಳಿದಳೆಂದು ಸುದ್ದಿ ಬಂದಾಗ ಅತ್ತೆ ದೇವರ ಜಗುಲಿಯ ಮುಂದೆ ನಿಂತು ಗಟ್ಟಿಯಾಗಿಯೇ ಹರಕೆ ಹೊತ್ತರು.

ನಮ್ಮೂರಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಒಂದು ಸಂಖ್ಯೆ ಇದೆ. ಹಿಂದಿನ ಕಾಲದಲ್ಲಿ ಕಲ್ಯಾಣದಲ್ಲಿ ದಿನವೂ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರಂತೆ. ಅತ್ತೆ ಹಿಡಿದದ್ದು ಅದನ್ನೇ.

"ಅಷ್ಟ ಮಂದಿಗೆ ಉಣಸೂ ತಾಕತ್ತು ನನಗ ಎಲ್ಲಿ ಬರಬೇಕು? ತಲಿಗೊಂದು ಸೌತಿಬೀಜ ಹೊಸೀತೀನಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ. ಹೊಸೆದು ಮುಗಿಯೂತನಕ ಯಾರ ಮನ್ಯಾಗೂ ಪಂಕ್ತಿಗಿ ಕೂಡೂದಿಲ್ಲ."

ಹೊತ್ತದ್ದೇನೋ ಆಯಿತು. ಒಳಗೆ ಬಂದು ನನ್ನನ್ನು ಕೇಳಿದರು: "ಏನವ್ವ, ಲಕ್ಷ ಹ್ಯಾಂಗ ಎಣಸ್ತಾರ?"

ನನ್ನ ತವರು ಹುಡಗಿ ಎಂಬ ಊರು. ಅಪ್ಪ ಅಲ್ಲಿ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದರು, ಐದನೆಯವಳಾಗಿ ನಾನೂ ಕೂತಿದ್ದೆ. ಮೂವತ್ತರವರೆಗಿನ ಮಗ್ಗಿ ನನಗೆ ಇವತ್ತಿಗೂ ರೊಟ್ಟಿ ಬಡಿಯುತ್ತ ಬರುತ್ತದೆ. ಹದಿನಾಲ್ಕ ಹದಿನಾಲ್ಕಲೆ ನೂರಾ ತೊಂಬತ್ತಾರು. ಅತ್ತೆಯ ಮಾತು ಮುಗಿಯುವುದರೊಳಗೆ ಆ ಸಾಲು ನಾಲಿಗೆಗೆ ಬಂದಿತ್ತು. ನೂರಾ ತೊಂಬತ್ತಾರು ಎಂದರೆ ಹದಿನಾಲ್ಕು ಸಾಲು, ಸಾಲಿಗೆ ಹದಿನಾಲ್ಕು, ನೇರ ಚೌಕ. ಅಂಥ ಸಾವಿರ ಚೌಕವಾದರೆ ಹರಕೆ ಮುಗಿಯಿತು.

ಆ ದಿನಗಳಲ್ಲಿ ಕೆಲಸ ಮಾಡುತ್ತ ಆ ಸಂಖ್ಯೆಯನ್ನು ನಾನು ಎಲ್ಲ ಕಡೆಯಿಂದಲೂ ಒತ್ತಿ ನೋಡಿದ್ದೇನೆ. ಎರಡಕ್ಕೆ ಬಗ್ಗುತ್ತದೆ, ನಾಲ್ಕಕ್ಕೆ, ಐದಕ್ಕೆ, ಎಂಟಕ್ಕೆ ಬಗ್ಗುತ್ತದೆ. ಸುಲಭಕ್ಕೆ ಯಾರಿಗೂ ಬಗ್ಗದ ಏಳಕ್ಕೆ ಇದು ಎರಡು ಸಲ ಬಗ್ಗುತ್ತದೆ. ಆದರೆ ಮೂರಕ್ಕೆ ಜಪ್ಪಯ್ಯ ಅಂದರೂ ಇಲ್ಲ, ಒಬ್ಬ ಹೊರಗೆ ಉಳಿಯುತ್ತಾನೆ. ಒಂಬತ್ತು ಪಾಲು ಮಾಡಿದರೆ ಏಳು ಮಂದಿ, ಹನ್ನೊಂದು ಪಾಲಿಗೆ ಇಬ್ಬರು ಉಳಿಯುತ್ತಾರೆ. ಇದನ್ನು ಹೇಳಿದಾಗ ಅತ್ತೆ, "ಹಂಗಾದರ ಮೂರು ಮಂದಿ ಬ್ಯಾಡ, ಇಬ್ಬರೇ ಹೊಸಿಯೂಣು" ಎಂದರು.

ಕ್ರಮ ಹೀಗೆ. ದಿನಕ್ಕೆ ಎರಡೇ ಚೌಕ, ಅತ್ತೆಯದೊಂದು, ನನ್ನದೊಂದು; ಇದನ್ನೂ ಅತ್ತೆ ದೇವರ ಮುಂದೆ ನುಡಿದರು. ಸ್ನಾನವಾದ ಮೇಲೆ, ಊಟಕ್ಕೆ ಮೊದಲು. ಮೊರದ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಇಡುವುದು. ಒಂದು ಚೌಕವಾದರೆ ಮೂಲೆಯ ತಂಬಿಗೆಗೆ ಒಂದು ಬೀಜ. ಅತ್ತೆ ಹುಣಸೆಬೀಜ ಹಾಕುತ್ತಿದ್ದರು, ನಾನು ಸೀತಾಫಲದ್ದು. ಪುಣ್ಯ ಕಲಬೆರಕೆಯಾಗಬಾರದು ಎಂದು ಅವರ ತಾಕೀತು. ಸಂಜೆಗೆ ಒಣಗಿದ್ದನ್ನು ಚಿಕ್ಕ ಗಡಿಗೆಗೆ ಸುರಿಯುತ್ತಿದ್ದೆವು. ಐವತ್ತು ದಿನಕ್ಕೆ ನೂರು ಚೌಕ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸುವುದು, ಮುಂದಿನದನ್ನು ಇಳಿಸುವುದು. ಅತ್ತೆಯ ಕಣ್ಣು ಮಂಜಾಗತೊಡಗಿತ್ತು. "ಎಣಿಸೋದು ಬ್ಯಾಡ್ರಿ ಅತ್ತಿ, ನಾಕೂ ಕಡೆ ನೆಟ್ಟಗಿದ್ದು ಚೌಕ ಕಂಡರ ಸಾಕು, ಲೆಕ್ಕ ಬರೋಬರಿ" ಎಂದು ನಾನೇ ಧೈರ್ಯ ಹೇಳಿದ್ದೆ. ಬಟ್ಟೆಯ ಮೇಲೆ ಇದ್ದಿಲಿನಿಂದ ಹದಿನಾಲ್ಕು ಗೆರೆ ಎಳೆದಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಎಳೆಯಲಿಲ್ಲ.

ನಡುವೆ ನಾನು ಬಾಣಂತನಕ್ಕೆ ಹುಡಗಿಗೆ ಹೋದೆ. ನನ್ನ ಬದಲು ದಿನಕ್ಕೊಂದು ಚೌಕ ಹೊಸೆಯಲು ಪಕ್ಕದ ಮನೆಯ ಕಾಕಿ ಒಪ್ಪಿಕೊಂಡಳು. ಕೊಹಿನೂರೆಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದ ರೈತರ ಮಗಳು, ಕೈ ಬಲು ಚುರುಕು. ಅವಳು ಹೊಸೆದದ್ದು ಒಂದರ ಪಕ್ಕ ಒಂದಿಟ್ಟರೆ ಅವಳಿ ಜವಳಿಯಂತಿರುತ್ತಿತ್ತು. ಅವಳ ಗುರುತು ಬಾರಿಹಣ್ಣಿನ ಬೀಜ. ನಾನು ಕೂಸಿನೊಂದಿಗೆ ಮರಳಿ ಬಂದಾಗ ತಂಬಿಗೆಯಲ್ಲಿ ಅಂಥವು ತೊಂಬತ್ತೆಂಟು ಇದ್ದವು. ಮತ್ತೆ ನನ್ನ ಜಾಗಕ್ಕೆ ನಾನು ಕೂತೆ.

ಹೀಗೆ ಒಂದು ವರ್ಷ ದಾಟಿ ನಾಲ್ಕು ತಿಂಗಳಾಯಿತು. ಅಷ್ಟೂ ದಿನ ಅತ್ತೆ ಬಂಧುಬಳಗದ ಯಾವ ಊಟಕ್ಕೂ ಹೋಗಲಿಲ್ಲ. ಅಷ್ಟರಲ್ಲಿ ನಾದಿನಿ ಎರಡನೆಯ ಸಲ ಬಸುರಿಯಾಗಿದ್ದಳು. ಜ್ವರದ ಮೇಲೆ ಮೈ ತುಂಬಿರಲಿಲ್ಲ, ಗಾಡಿಯ ಕುಲುಕಾಟ ಬೇಡವೆಂದು ಬೀಗರು ಅಲ್ಲೇ ಉಳಿಸಿಕೊಂಡಿದ್ದರು.

ಒಂದು ಮುಂಜಾನೆ, ಅತ್ತೆ ತಮ್ಮ ಆ ದಿನದ ಚೌಕ ಮುಗಿಸಿ ಹುಣಸೆಬೀಜ ಹಾಕಿ ಏಳುತ್ತಿದ್ದರು, ಹುಮನಾಬಾದದ ಬೀಗರ ಗಾಡಿ ಬಾಗಿಲಿಗೆ ಬಂತು. ಗಾಡಿ ಹೊಡೆಯುವವನು ಎತ್ತು ಬಿಚ್ಚದೆಯೇ ಹೇಳಿದ:

"ಅಕ್ಕೋರಿಗಿ ದಿನಾ ತುಂಬ್ಯಾವ್ರಿ. ಕೂಸು ಅಡ್ಡ ಅದ ಅಂತಾಳ್ರಿ ಸೂಲಗಿತ್ತಿ. ನಾಕೈದು ದಿನದಾಗ ಆಗ್ತದಂತ. ಅವ್ವನ್ನ ಕರಕೊಂಡೇ ಬಾ ಅಂದಾರ. ನಾಳಿ ಮುಂಜಾನಿ ಹೊರಡೂಣ್ರಿ."

ಅಡ್ಡ ಬಂದ ಕೂಸನ್ನು ಹೊಟ್ಟೆಯ ಮೇಲೆಯೇ ಎಣ್ಣೆಗೈಯಿಂದ ಮೆಲ್ಲಗೆ ತಿರುಗಿಸುವುದು ಅತ್ತೆಗೆ ಬರುತ್ತಿತ್ತು. ಓಣಿಯಲ್ಲಿ ಹಾಗೆ ಮೂರು ಮಂದಿಯನ್ನು ಉಳಿಸಿದ್ದರು. ಮಗಳಿಗೆ ಅದು ಗೊತ್ತಿತ್ತು. ಅತ್ತೆ ತಂಬಿಗೆಯ ಕಡೆ ತಿರುಗಿದರು.

"ಇನ್ನಾ ಹದಿನೈದು ಚೌಕ ಉಳದಾವ. ಇವತ್ತ ಇಕೀದು ಒಂದು, ಮುಂದ ಏಳು ದಿನ."

"ಇವತ್ತೇ ಕೂತು ಹದಿನೈದೂ ಹೊಸದುಬಿಡೂಣ್ರಿ ಅತ್ತಿ," ಎಂದೆ.

"ಉಣ್ಣಾಕ ಕೂತವರಿಗಿ ಜಲ್ದಿ ಏಳ್ರಿ ಅಂತಾರೇನು? ದಿನಕ್ಕ ಎರಡು ಅಂತ ದೇವರ ಮುಂದ ಅಂದೀನಿ."

"ಹಂಗಾದರ ರೊಟ್ಟಿ ಕಟಗೊಂಡು ಹೋಗ್ರಿ. ಅಲ್ಲಿ ಉಣಬ್ಯಾಡ್ರಿ."

"ಮಗಳ ಹೆರಿಗಿಗಿ ಹೋಗಿ ಬೀಗರ ಮನ್ಯಾಗ ನನ್ನ ಗಂಟು ಬಿಚ್ಚಿ ಉಣ್ಲೇನು? ಅವರ ಮಾರಿಗಿ ಹೊಡದಂಗ. ನಾ ತಿರುಗಿ ಬಂದ ಮ್ಯಾಲೆ ಅಲ್ಲಿ ಬಾಳ್ವಿ ಮಾಡಾಕಿ ಅಕಿ, ನಾ ಅಲ್ಲ."

ಗಾಡಿಯವನಿಗೆ ಮಜ್ಜಿಗೆ ಕೊಟ್ಟು ಕೂಡಿಸಿ, ನಾನು ನನ್ನ ಚೌಕಕ್ಕೆ ಕೂತೆ. ಸುದ್ದಿ ಕೇಳಿ ಕಾಕಿ ಬಂದಳು. ನಾನು ಹದಿನಾಲ್ಕನೆಯ ಸಾಲು ಮುಗಿಸುವಾಗ ಪಕ್ಕದಲ್ಲಿ ಕೂತು ಸಾಲುಗಳ ಓರೆಕೋರೆ ತಿದ್ದುತ್ತಿದ್ದಳು. ಬೆರಳಿಟ್ಟು ಎಣಿಸಿದಳು: "ಲಾಭ... ಒಂದು... ಎರಡು... ಮೂರು..." ಕೊನೆಗೆ, "ಹದಿಮೂರೇ ಅದಾವಲ್ಲವ್ವ. ಒಂದ ಸಾಲು ಕಮ್ಮಿ."

ನನ್ನ ಬೆರಳು ನಿಂತವು. "ಕಾಕಿ, ಇನ್ನೊಮ್ಮಿ ಎಣಸ್ರಿ."

ಅವಳು ಮತ್ತೆ ಹಾಗೆಯೇ ಎಣಿಸಿದಳು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮಲ್ಲೂ ಉಂಟು. ಆದರೆ ನಾವು ಲಾಭ, ಎರಡು, ಮೂರು ಎಂದು ಹೋಗುತ್ತೇವೆ, ಲಾಭವೇ ಒಂದು. ಅವಳದು ಹಾಗಲ್ಲ.

"ನಮ್ಮಪ್ಪನ ಕಣದಾಗ ಲಾಭ ಅಂದ್ರ ಕಣಕ್ಕ ಬಂದವರ ಪಾಲು. ಬದಿಗಿ ಸುರದು ಆಮ್ಯಾಲ ಒಂದು ಅಂತಿದ್ವಿ. ಅದನ್ನೂ ಲೆಕ್ಕಕ್ಕ ಹಿಡಿದರ ಅವರಿಗಿ ಏನ ಕೊಡ್ತಿ?" ಎಂದವಳು ನಮ್ಮ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ಯವ್ವಾ... ಗಲತಿ ಆತೇನು?"

ಹದಿನಾಲ್ಕರ ಬದಲು ಹದಿನೈದು ಸಾಲು, ಸಾಲಿಗೆ ಹದಿನೈದು. ಇನ್ನೂರಾ ಇಪ್ಪತ್ತೈದು. ಅದೂ ಚೌಕವೇ! ನಾಲ್ಕೂ ಕಡೆ ನೆಟ್ಟಗೆ, ಮಂಜುಗಣ್ಣಿಗೆ ಯಾವ ಭೇದವೂ ಇಲ್ಲ. ಚೌಕ ಕಂಡರೆ ಲೆಕ್ಕ ಸರಿ ಎಂದು ಹೇಳಿಕೊಟ್ಟವಳು ನಾನು.

ಅತ್ತೆ ಅಂದರು, "ಒಂದು ಹೆಚ್ಚಿಲ್ಲ ಅಂತ ಅಂದಿದ್ದೆ. ಹರಕಿ ಕೆಟ್ಟಿತು. ಎಲ್ಲಾ ದನಕ್ಕ ಹಾಕ್ರಿ. ಮೊದಲಿಂದ ಹೊಸೀತೀನಿ."

ಮೊದಲಿನಿಂದ ಎಂದರೆ ಇನ್ನೊಂದು ಐನೂರು ದಿನ. ಹುಮನಾಬಾದದಲ್ಲಿ ನಾಲ್ಕೈದು ದಿನ. ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಲೆಕ್ಕ ಕೆಟ್ಟರೆ ಎಷ್ಟು ಕೆಟ್ಟಿದೆ ಎಂದು ನೋಡಬೇಕು, ಗಡಿಗೆ ಬೋರಲು ಹಾಕುವುದಲ್ಲ.

"ಒಂದ ತಾಸು ಕೊಡ್ರಿ ಅತ್ತಿ," ಎಂದು ಮೊರದ ಪಕ್ಕ ಇನ್ನೊಂದು ಬಟ್ಟೆ ಹಾಸಿದೆ. ಜೋಳ ತಂದು ಕಾಕಿಯ ಕೈಯಲ್ಲಿ ಅವಳ ಪದ್ಧತಿಯಂತೆ ಒಂದು ಚೌಕ ಇಡಿಸಿದೆ. ಹದಿನೈದಕ್ಕೆ ಹದಿನೈದು. ಅತ್ತೆಗೆ ಅಕ್ಷರ ಬಾರದು, ಆದರೆ ಸೀರೆಯ ಅಂಚು ಗೊತ್ತು.

"ನೋಡ್ರಿ, ಇದು ನಮ್ಮ ಚೌಕಕ್ಕ ಅಂಚು ಹಚ್ಚಿದಂಗ ಆಗ್ಯಾದ. ಅಂಚು ಬಿಚ್ಚತೀನಿ." ಬಲಗಡೆಯಿಂದ ಹದಿನಾಲ್ಕು ಕಾಳು ತೆಗೆದು ಒಂದು ಕಡೆ ಇಟ್ಟೆ. ಕೆಳಗಡೆಯಿಂದ ಹದಿನಾಲ್ಕು, ಇನ್ನೊಂದು ಕಡೆ. ಮೂಲೆಯಲ್ಲಿ ಒಂದೇ ಒಂದು ಉಳಿಯಿತು, ಅದನ್ನು ಬೇರೆ ಇಟ್ಟೆ. ಒಳಗೆ ನಮ್ಮ ಹದಿನಾಲ್ಕರ ಚೌಕ ಹಾಗೇ ಕೂತಿತ್ತು.

"ಕಾಕಿಯ ಹದಿನಾಕು ಚೌಕದ ಅಂಚು ಬಿಚ್ಚಿದರ ಬಲಗಡೀವು ಹದಿನಾಕು ಸಾಲು. ಅಂದ್ರ ಒಂದು ಪೂರಾ ಚೌಕ. ಕೆಳಗಿನವೂ ಹದಿನಾಕು ಸಾಲು, ಇನ್ನೊಂದು ಪೂರಾ ಚೌಕ. ಮೂಲೀವು ಹದಿನಾಕು ಕಾಳು, ಒಂದು ಸಾಲು. ಹೌದಿಲ್ಲರಿ?"

ಅತ್ತೆ ಕಾಳುಗಳ ಮೇಲೆ ಕೈಯಾಡಿಸಿ, "ಹೌದು" ಎಂದರು.

"ಕಾಕಿ ಮಾಡಿದ್ದು ತೊಂಬತ್ತೆಂಟು. ಅಂದ್ರ ಏಳು ಹದಿನಾಕು. ಹೆಚ್ಚಿಗಿ ಆಗಿದ್ದು ಹದಿನಾಕು ಚೌಕ, ಮ್ಯಾಲೆ ಏಳು ಸಾಲು." ತಂಬಿಗೆಯನ್ನು ಬಗ್ಗಿಸಿ ಮೂರೂ ಬಗೆಯ ಬೀಜ ಎಣಿಸಿ ತೋರಿಸಿದೆ. ಹುಣಸೆ ನಾನೂರಾ ತೊಂಬತ್ತಮೂರು, ಸೀತಾಫಲ ಮುನ್ನೂರಾ ತೊಂಬತ್ತನಾಲ್ಕು, ಬಾರಿ ತೊಂಬತ್ತೆಂಟು. ಕೂಡಿದರೆ ಒಂಬೈನೂರಾ ಎಂಬತ್ತೈದು. "ಇದಕ್ಕ ಹದಿನಾಕು ಕೂಡಸ್ರಿ. ಒಂಬೈನೂರಾ ತೊಂಬತ್ತೊಂಬತ್ತು. ಮ್ಯಾಲೆ ಏಳು ಸಾಲು. ಉಳದದ್ದು ಹದಿನೈದು ಚೌಕ ಅಲ್ರಿ. ಬರೇ ಅರ್ಧ ಚೌಕ, ಏಳು ಸಾಲು. ಅದು ಇವತ್ತಿನ ನನ್ನ ಪಾಲು."

ಕಾಕಿ ಬಾಯಿಂದ ಸೆರಗು ತೆಗೆದಳು. ಅತ್ತೆ ಮಾತ್ರ ಅಷ್ಟು ಸುಲಭಕ್ಕೆ ಸಿಗುವವರಲ್ಲ.

"ಇದು ಬಾಯಿಲೆ ಹೇಳಿದ್ದು. ತೊಂಬತ್ತೆಂಟು ದಿನಾನೂ ಇಕಿ ಹಿಂಗೇ ಎಣಿಸ್ಯಾಳ ಅಂತ ಯಾರಿಗಿ ಗೊತ್ತು? ಒಂದಿನ ಬ್ಯಾರೆ ಎಣಿಸಿದ್ದರ?"

"ನಾ ಹುಟ್ಟಿದಾಗಿಂದ ಹಿಂಗೇ ಎಣಸ್ತೀನಿ ಅಕ್ಕಾ," ಎಂದಳು ಕಾಕಿ.

ಕೇಳಿದ್ದು ಸರಿಯೇ. ಹತ್ತೂ ಗಡಿಗೆ ಎಣಿಸುವಂತಿರಲಿಲ್ಲ. ಒಣಗಿದ ಸೌತೆಬೀಜ ಕೈಯಾಡಿಸಿದಷ್ಟೂ ಮುರಿಯುತ್ತದೆ. ಆದರೆ ಐದನೆಯ ಗಡಿಗೆ ಪೂರ್ತಿ ಕಾಕಿಯ ಕಾಲದ್ದು. ಅದರಲ್ಲಿ ಅತ್ತೆಯವು ಐವತ್ತು ಚೌಕ, ಕಾಕಿಯವು ಐವತ್ತು. ನಾನು ಕಣ್ಣು ಮುಚ್ಚಿಕೊಂಡು ಐವತ್ತು ಅಂಚು ಬಿಚ್ಚಿದೆ. ಬಲಗಡೆ ಐವತ್ತು ಸಾಲು, ಎಂದರೆ ಮೂರು ಚೌಕ, ಮೇಲೆ ಎಂಟು ಸಾಲು. ಕೆಳಗಡೆಯೂ ಅಷ್ಟೇ. ಎಂಟೂ ಎಂಟೂ ಹದಿನಾರು ಸಾಲು ಸೇರಿ ಇನ್ನೊಂದು ಚೌಕ, ಎರಡು ಸಾಲು. ಮೂಲೆಯ ಐವತ್ತರಿಂದ ಮೂರು ಸಾಲು, ಎಂಟು ಕಾಳು.

"ಐದನೇ ಗಡಗಿ ಇಳಸ್ತೀನಿ. ಅದರಾಗ ನೂರು ಚೌಕ ಇರೂದಿಲ್ಲ. ನೂರಾ ಏಳು ಚೌಕ, ಐದು ಸಾಲು, ಎಂಟು ಕಾಳು ಇರ್ತಾವ. ಎಣಿಸೂಣ್ರಿ. ಒಂದ ಕಾಳು ತಪ್ಪಿದರ ನೀವು ಹೇಳಿದಂಗ ಮೊದಲಿಂದ."

ಈಗ ಬರೆಯುವಾಗ ಅಷ್ಟು ಸೊಕ್ಕು ಬೇಕಿತ್ತೇ ಅನಿಸುತ್ತದೆ. ಆಗ ಅನಿಸಲಿಲ್ಲ. ಹದಿನಾಲ್ಕರ ಮಗ್ಗಿ ನನ್ನ ಕೈಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾಲ್ಕು ಮಂದಿ ಕೂತೆವು, ಅತ್ತೆ, ನಾನು, ಕಾಕಿ, ಕಾಕಿಯ ಸೊಸೆ. "ನೀ ಮಾತ್ರ ಎಣಿಸಬ್ಯಾಡ, ಗಡಗಿಂದ ತಗದು ಕೊಡು ಅಷ್ಟ" ಎಂದು ಅತ್ತೆ ಕಾಕಿಗೆ ಹೇಳಿದಾಗ ಅವಳ ಸೊಸೆಗೆ ನಗು ತಡೆಯಲಾಗಲಿಲ್ಲ. ಈ ಸಲ ಬಟ್ಟೆಗೆ ಇದ್ದಿಲ ಗೆರೆ ಎಳೆದೆ. ಒಂದು ಬಟ್ಟೆ ತುಂಬಿದರೆ ಮೆಲ್ಲಗೆ ಬುಟ್ಟಿಗೆ ಜಾರಿಸಿ ಗೋಡೆಗೆ ಸುಣ್ಣದ ಚುಕ್ಕೆ. ನನ್ನ ಆ ದಿನದ ಚೌಕ ಇನ್ನೂ ಇತ್ಯರ್ಥವಾಗದ ಕಾರಣ ನನಗೆ ಊಟವಿಲ್ಲ. ನಾನು ಉಣ್ಣದೆ ಅತ್ತೆಯೂ ಉಣ್ಣಲಿಲ್ಲ. ಕೂಸು ಅತ್ತಾಗ ಎದ್ದು ಹಾಲೂಡಿಸಿ ಬಂದೆ. ಗಾಡಿಯವನು ಕಟ್ಟೆಯ ಮೇಲೆ ಕೂತು, "ಏನ್ ನಡದದ್ರಿ ಒಳಗ, ಲಗ್ನ ಏನ್ರಿ?" ಎಂದು ಎರಡು ಸಲ ಕೇಳಿದ.

ಬಿಸಿಲು ಅಂಗಳ ದಾಟಿ ಗೋಡೆಯೇರುವ ಹೊತ್ತಿಗೆ ಸುಣ್ಣದ ಚುಕ್ಕೆ ನೂರು ದಾಟಿದವು. ಅಲ್ಲಿಗೇ ಕಾಕಿಯ ಗುಟ್ಟು ಬಯಲಾಗಿತ್ತು, ಗಡಿಗೆಯಲ್ಲಿ ಇನ್ನೂ ಕಾಳಿದ್ದವು. ನೂರಾ ಐದು, ಆರು, ಏಳು. ಗಡಿಗೆ ಬೋರಲು ಹಾಕಿ ತಳ ಬಡಿದೆವು. ಉಳಿದದ್ದನ್ನು ಅತ್ತೆ ತಾವೇ ಇಟ್ಟರು. ಐದು ಸಾಲು ತುಂಬಿದವು. ಆರನೆಯ ಸಾಲಿನಲ್ಲಿ ಬೆರಳು ತಡವರಿಸುತ್ತ ಹೋಗಿ ನಿಂತಿತು.

"ಒಂಬತ್ತು," ಎಂದರು ಅತ್ತೆ.

ನಾನು ಬಗ್ಗಿ ನೋಡಿದೆ. ಕೊನೆಯ ಎರಡಕ್ಕೆ ಒಂದೊಂದೇ ತುದಿ ಚೂಪಾಗಿತ್ತು. ಎರಡನ್ನೂ ತೆಗೆದು ಅವರ ಅಂಗೈಯಲ್ಲಿಟ್ಟು ಮುಖಾಮುಖಿ ಜೋಡಿಸಿದೆ. ಅತ್ತೆ ಬೆರಳಿನಿಂದ ತಡವಿ ನೋಡಿದರು. ಒಂದೇ ಕಾಳು, ನಡುವೆ ಮುರಿದದ್ದು.

"ಎಂಟು," ಎಂದರು. ಆಮೇಲೆ ನನ್ನನ್ನಲ್ಲ, ಕಾಕಿಯನ್ನು ನೋಡಿ ಅಂದರು, "ತಪ್ಪು ಮಾಡೂದೂ ಒಂದು ದಿನ ತಪ್ಪಿಸದಂಗ ಮಾಡೀಯಲ್ಲ!"

"ಹೆಚ್ಚಿಗಿ ಹಾಕಿದ್ದಕ್ಕ ಪಾಪ ಬರೂದಿಲ್ಲಲ್ಲಾ ಅಕ್ಕಾ?"

"ಏನ ಪಾಪ? ಮುಂದಿನ ದಿನ ಬರೂವರನ್ನ ಇವತ್ತೇ ಕರದು ಕೂಡಿಸೀದಿ. ಪಂಕ್ತಿ ಅದೇ, ಮಂದಿ ಅದೇ."

ಮುರಿದದ್ದರ ಬದಲು ಒಂದು ಇಡಿಯದನ್ನು ಆಗಲೇ ಹೊಸೆದು ಹಾಕಿದರು. ಮುಂಜಾನೆ ನಾನು ಇಟ್ಟ ಹದಿನಾಲ್ಕು ಸಾಲು ಮೊರದ ಮೇಲೆ ಹಾಗೇ ಒಣಗಿದ್ದವು. ಏಳು ಸಾಲು ಹತ್ತನೆಯ ಗಡಿಗೆಗೆ ಹೋದವು, ತಂಬಿಗೆಗೆ ನನ್ನ ಸೀತಾಫಲದ ಬೀಜ ಬಿತ್ತು. ಉಳಿದ ಏಳು ಸಾಲು ಯಾರ ಲೆಕ್ಕಕ್ಕೂ ಸೇರಿದ್ದಲ್ಲ. ಅತ್ತೆ ಅದನ್ನು ಬೆಲ್ಲದ ನೀರಿಗೆ ಹಾಕಿ ಕುದಿಸಿದರು. ನಾಲ್ಕು ಮಂದಿ ಹೆಂಗಸರು, ಗಾಡಿಯವನೊಬ್ಬ, ತಲೆಗೆ ಒಂದೊಂದು ಚಮಚ ಹುಗ್ಗಿ. ಹಸಿದ ಹೊಟ್ಟೆಗೆ ಅದು ತಾಗಲೇ ಇಲ್ಲ, ಮತ್ತೆ ಜೋಳದ ರೊಟ್ಟಿ ಬಡಿದೆ.

ಮರುದಿನ ಮುಂಜಾನೆ ಅತ್ತೆ ಗಾಡಿ ಹತ್ತಿದರು. ಕೈಯಲ್ಲಿ ಎಣ್ಣೆಯ ಗಿಂಡಿ, ಒಂದು ಸೀರೆಯ ಗಂಟು. ಬುತ್ತಿ ಕಟ್ಟಲೇ ಎಂದು ಕೇಳಿದರೆ ಬೇಡವೆಂದರು. ಹತ್ತು ಗಡಿಗೆಯ ಹುಗ್ಗಿ ತಾವು ಬಂದ ಮೇಲೆ, ಅಲ್ಲಿಯವರೆಗೆ ಯಾರೂ ಅಟ್ಟಕ್ಕೆ ಕೈಹಾಕಬಾರದು ಎಂದು ಗಾಡಿ ಹೊರಟ ಮೇಲೂ ಹೇಳುತ್ತಿದ್ದರು.

ಎಂಟನೆಯ ದಿನ ಅದೇ ಗಾಡಿಯವನು ಬಂದ. ಹಳೆಯ ಲೆಕ್ಕದಂತಾಗಿದ್ದರೆ ಅತ್ತೆ ಹಿಂದಿನ ದಿನವಷ್ಟೇ ಹೊರಟಿರಬೇಕಿತ್ತು.

"ಹೆಣ್ಣಾತ್ರಿ. ನೀವು ಕಳಿಸಿದ ಐದನೇ ದಿನಕ್ಕ. ಮೂರು ದಿನ ಮುಂಜಾನಿ ಸಂಜಿ ಎಣ್ಣಿ ತಿಕ್ಕಿ ಅವ್ವ ಕೂಸಿನ್ನ ತಿರುವಿದರ್ರಿ. ಇಬ್ಬರೂ ಬ್ಯಾಶ್ ಅದಾರ."

ನಾನು ಇನ್ನೊಂದನ್ನು ಕೇಳಿದೆ.

"ಊಟಾನ್ರಿ? ಹೋದ ದಿನಾನೇ ಬೀಗತೇರ ಸಂಗಾಟ ಸಾಲಿನಾಗ ಕುಂತರ್ರಿ. ಶೇಂಗಾ ಹೋಳಗಿ ಮಾಡಿದ್ದರು. ಮೊದಲಿಂದು ಸುಮ್ನ ಉಂಡರು. ಎರಡನೇದು ತಾವೇ ಕೇಳಿ ನೀಡಿಸಿಕೊಂಡರ್ರಿ."